ತಾರಸಿಯ ಮೇಲೆ ಹೊಸಬರ ಮೊದಲ ವಾರ

ಕಳೆದ ವರ್ಷ ಏಪ್ರಿಲ್‌ನಲ್ಲಿ ಚಿತ್ರದುರ್ಗದ ಹೊರವಲಯದಲ್ಲಿ ನಮ್ಮ ಮನೆಯ ತಾರಸಿಗೆ ಕಬ್ಬಿಣ ಕಟ್ಟುವ ಕೆಲಸ ನಡೆದಿತ್ತು. ಹನ್ನೊಂದೂವರೆಯ ಹೊತ್ತಿಗೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗೆ ಬಿಟ್ಟು, ಏನೇನೋ ಅಸಂಬದ್ಧವಾಗಿ ತೊದಲತೊಡಗಿದ. ಅವನ ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು. ಬೆವರು ಬರುತ್ತಿದೆಯಲ್ಲ, ಸ್ವಲ್ಪ ಹೊತ್ತು ಕುಳಿತರೆ ಸರಿಹೋಗುತ್ತದೆ ಎಂದು ಹೇಳಿದವನು ನಾನೇ. ಆ ಮಾತು ತಪ್ಪು.

ಬಿಸಿಲು ಬಡಿದವರ ಮೈ ಒಣಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಮೈ ಬಗ್ಗಿಸಿ ದುಡಿಯುವವರಿಗೆ ಶಾಖಾಘಾತವಾದಾಗ ಬೆವರು ಹರಿಯುತ್ತಲೇ ಇರಬಹುದು. ಮೈಯೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳು ತಡವರಿಸತೊಡಗುವುದೇ ನಿಜವಾದ ಅಪಾಯದ ಗುರುತು. ಅದೃಷ್ಟಕ್ಕೆ ಮೇಸ್ತ್ರಿಗೆ ಅದು ಗೊತ್ತಿತ್ತು. ಹುಡುಗನನ್ನು ಬೇವಿನ ಮರದ ನೆರಳಿಗೆ ಹೊತ್ತು ತಂದು, ಗೋಡೆಗೆ ಹೊಡೆಯಲು ಡ್ರಮ್ಮಿನಲ್ಲಿ ತುಂಬಿಟ್ಟಿದ್ದ ನೀರನ್ನು ತಲೆಯಿಂದ ಕಾಲಿನವರೆಗೆ ಸುರಿದು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಟ್ಟು, 108ರ ವಾಹನ ಬರುವವರೆಗೂ ರಟ್ಟಿನಿಂದ ಗಾಳಿ ಬೀಸುತ್ತಲೇ ಇದ್ದರು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಲು ಯಾರನ್ನೂ ಬಿಡಲಿಲ್ಲ. ಜ್ವರದ ಮಾತ್ರೆಯನ್ನೂ ಕೊಡಬಾರದು, ಏಕೆಂದರೆ ಇದು ಜ್ವರವಲ್ಲ. ಹುಡುಗ ಉಳಿದ.

ಅವನಿಗೇ ಏಕೆ ಹೀಗಾಯಿತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಜೊತೆಯವರೆಲ್ಲ ಅವನಿಗಿಂತ ಹಿರಿಯರು, ಅದೇ ಬಿಸಿಲಿನಲ್ಲಿ ಅದೇ ಕೆಲಸ ಮಾಡುತ್ತಿದ್ದವರು. ವ್ಯತ್ಯಾಸವಿದ್ದುದು ಒಂದೇ: ಬೆಂಗಳೂರಿನ ಅಂಗಡಿಯೊಂದರಲ್ಲಿ ನೆರಳಿನಲ್ಲಿ ದುಡಿಯುತ್ತಿದ್ದ ಅವನು ಊರಿಗೆ ಬಂದು ಕೆಲಸಕ್ಕೆ ಇಳಿದು ಅದು ಮೂರನೆಯ ದಿನ. ದೇಹ ಬಿಸಿಲಿಗೆ ಪಳಗಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಮತ್ತು ಹೆಚ್ಚಾಗಿ ಬರಲು ಕಲಿಯುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಆದ್ದರಿಂದ ಹೊಸಬರಿಗೆ ಮೊದಲ ದಿನ ಬಿಸಿಲಿನಲ್ಲಿ ಐದನೆಯ ಒಂದು ಪಾಲು ಕೆಲಸ ಕೊಟ್ಟು, ದಿನದಿನಕ್ಕೂ ಅಷ್ಟಷ್ಟೇ ಏರಿಸುತ್ತಾ ಹೋಗಬೇಕು. ಪ್ರಾಯದ ಹುಡುಗ ತಡೆದುಕೊಳ್ಳುತ್ತಾನೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೀರಿನ ವಿಷಯದಲ್ಲಿ ಬಾಯಾರಿಕೆಯನ್ನು ಕಾಯಬಾರದು. ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ ಕುಡಿಯಬೇಕು. ಬೆವರು ಆರಿದ ಮೇಲೆ ಅಂಗಿಯ ಬೆನ್ನಿನ ಮೇಲೆ ಉಳಿಯುವ ಬಿಳಿ ಗೆರೆಗಳು ಉಪ್ಪಿನವು, ಅದನ್ನು ಬರಿಯ ನೀರು ತುಂಬಿಕೊಡುವುದಿಲ್ಲ. ನಮ್ಮ ಹಿರಿಯರ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಇದಕ್ಕೆ ಹೇಳಿ ಮಾಡಿಸಿದಂತಿವೆ. ತುಂಬು ತೋಳಿನ ಸಡಿಲ ಹತ್ತಿಬಟ್ಟೆ, ತಲೆಗೆ ಒದ್ದೆ ಟವಲ್ ಇರಲಿ.

ಇಷ್ಟಾದರೂ ಗುತ್ತಿಗೆ ಕೂಲಿಯವರು ತಾವಾಗಿ ನೆರಳಿಗೆ ಬರುವುದಿಲ್ಲ, ಕುಳಿತಷ್ಟು ಹೊತ್ತು ಅವರಿಗೆ ನಷ್ಟ. ಆ ಹೊಣೆ ಕೆಲಸ ಕೊಟ್ಟವರದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸಿ, ನಾಲ್ಕರ ನಂತರ ಮತ್ತೆ ಹಿಡಿದರೆ ಮನೆಯವರಿಗೂ ಲಾಭವಿದೆ, ಏಕೆಂದರೆ ಉರಿಬಿಸಿಲಿನಲ್ಲಿ ಹಾಕಿದ ಕಾಂಕ್ರೀಟ್ ಬೇಗ ಒಣಗಿ ಬಿರುಕು ಬಿಡುತ್ತದೆ.

ಈ ಮಾರ್ಚ್‌ನಲ್ಲಿ ಕಾಂಪೌಂಡ್ ಕಟ್ಟಲು ಅದೇ ಹುಡುಗ ಬಂದಿದ್ದ. ಮೊದಲ ದಿನ ಒಂಬತ್ತಕ್ಕೇ ಅವನನ್ನು ಬಿಸಿಲಿನಿಂದ ಒಳಗೆ ಕರೆದು, ಪೂರ್ತಿ ಕೂಲಿ ಕೊಟ್ಟು ಕಳುಹಿಸಿದೆ.