ತೂಕ ಯಾವ ಕಾಲ ಮೇಲಿದೆ?

ಮನುಷ್ಯಾಕೃತಿ ಬರೆಯುವುದನ್ನು ಕಲಿಸುತ್ತಿದ್ದ ಫಿಗರ್ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಾಲೇಜಿನ ಗ್ಯಾಲರಿಯಲ್ಲಿ ಮನುಷ್ಯಾಕೃತಿಯ ಸಮೂಹ ಪ್ರದರ್ಶನ ಏರ್ಪಡಿಸಿದ್ದಾರೆ. ತೈಲವರ್ಣ, ಇದ್ದಿಲು, ಫೈಬರ್‌ಗ್ಲಾಸ್, ವಿಡಿಯೊ ಎಲ್ಲವೂ ಇವೆ. ಒಬ್ಬರ ಶೈಲಿಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ. ಆದರೆ ಯಾವ ಆಕೃತಿಯೂ ನೆಲ ಬಿಟ್ಟು ತೇಲುತ್ತಿಲ್ಲ. ಅದು ಮೇಷ್ಟ್ರ ಪಾಠ.

ಲೈಫ್ ಸ್ಟಡಿಯಲ್ಲಿ, ಅಂದರೆ ಎದುರಿಗೆ ನಿಂತ ಮಾಡೆಲ್‌ನನ್ನು ನೋಡಿ ಬರೆಯುವ ತರಗತಿಯಲ್ಲಿ, ಅವರು ಮೊದಲು ಕೇಳುತ್ತಿದ್ದದ್ದು ಒಂದೇ: "ತೂಕ ಯಾವ ಕಾಲ ಮೇಲಿದೆ?" ಒಂದು ಕಾಲಿಗೆ ಭಾರ ಕೊಟ್ಟು ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಇಳಿಯುತ್ತದೆ. ಕುತ್ತಿಗೆಯ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ದಾರ ಆ ಕಾಲಿನ ಹಿಮ್ಮಡಿಯ ಹತ್ತಿರ ಬರಬೇಕು. ಬರದಿದ್ದರೆ ಸ್ನಾಯುಗಳನ್ನು ಎಷ್ಟೇ ಚೆನ್ನಾಗಿ ಬರೆದರೂ ಆಕೃತಿ ವಾಲಿ ಬೀಳುವಂತೆ ಕಾಣುತ್ತದೆ. ಶಿಲ್ಪಿ ಜಕೊಮೆಟ್ಟಿ 1960ರಲ್ಲಿ ಮಾಡಿದ ನಡೆಯುವ ಮನುಷ್ಯನ ಶಿಲ್ಪದ ಚಿತ್ರ ತೋರಿಸಿ, ಕಡ್ಡಿಯಂಥ ಆ ದೇಹವನ್ನು ದಪ್ಪ ಪಾದಗಳು ಹೇಗೆ ನೆಲಕ್ಕೆ ಹಿಡಿದಿವೆ ನೋಡಿ ಎನ್ನುತ್ತಿದ್ದರು.

ಹಾಳೆಯಲ್ಲಿ ನೆತ್ತಿ, ಪಾದ ಎರಡನ್ನೂ ಮೊದಲೇ ಗುರುತಿಸಬೇಕು. ನಿಂತ ಆಕೃತಿಯ ನಡುಮಟ್ಟ ಹೊಕ್ಕುಳಲ್ಲ, ತೊಡೆಸಂದು. ಮಾಡೆಲ್‌ನ ಎತ್ತರದ ಮೂರು ಪಟ್ಟು ದೂರದಲ್ಲಿ ಈಸಲ್ (ಬೋರ್ಡ್ ನಿಲ್ಲಿಸುವ ಸ್ಟ್ಯಾಂಡ್) ಇಡಬೇಕು, ಬೋರ್ಡ್ ನೋಟಕ್ಕೆ ನೇರವಾಗಿರಬೇಕು. ಮೇಜಿನ ಮೇಲೆ ಮಲಗಿಸಿ ಬರೆದರೆ ಹಾಳೆಯ ಮೇಲ್ತುದಿ ಕಣ್ಣಿಗೆ ಕುಗ್ಗಿ ಕಾಣುತ್ತದೆ, ಕೈ ತಾನಾಗಿ ಅಲ್ಲಿ ಹಿಗ್ಗಿಸುತ್ತದೆ. ಎತ್ತಿ ನಿಲ್ಲಿಸಿದಾಗ ತಲೆ ದೊಡ್ಡದು, ಕಾಲು ಗಿಡ್ಡ. ದೀರ್ಘ ಭಂಗಿಯಲ್ಲಿ 20 ನಿಮಿಷಕ್ಕೊಮ್ಮೆ ಮಾಡೆಲ್‌ಗೆ ವಿಶ್ರಾಂತಿ. ಏಳುವ ಮೊದಲು ಪಾದದ ಸುತ್ತ ಸೀಮೆಸುಣ್ಣದ ಗೆರೆ. ಆದರೂ ಮತ್ತೆ ನಿಂತಾಗ ಸೊಂಟ ಚೂರು ಬದಲಾಗಿಯೇ ಇರುತ್ತದೆ. ಮೊದಲ ಸುತ್ತಿನ ಸೊಂಟದ ಗೆರೆಯನ್ನು ಆಮೇಲೆ ತಿದ್ದಬಾರದು ಎಂಬುದು ಅವರ ಕಟ್ಟಪ್ಪಣೆ.

ತರಗತಿಯಲ್ಲಿದ್ದ ಅಸ್ಥಿಪಂಜರದ ಪ್ರಸಂಗವನ್ನು ಆಗಿನ ಬ್ಯಾಚಿನ ಯಾರೂ ಮರೆತಿರಲಾರರು. ಯಾರೋ ಅದರ ಎಡ, ಬಲ ಹಸ್ತಗಳನ್ನು ಬಿಚ್ಚಿ ಅದಲುಬದಲು ಮಾಡಿ ಸಿಕ್ಕಿಸಿದ್ದರು. ಮೇಷ್ಟ್ರು ಬೈಯಲಿಲ್ಲ. "ಮುಂದೋಳು ಬರೆಯಿರಿ" ಎಂದು ಕುರ್ಚಿಯಲ್ಲಿ ಕೂತರು. ಗಂಟೆ ಕಳೆದ ಮೇಲೆ ಎದ್ದು ಬಂದು ಬಿಡಿಸಿ ಹೇಳಿದರು: ಮುಂದೋಳಿನ ಎರಡು ಮೂಳೆಗಳು ಸಮಾನಾಂತರವಾಗಿದ್ದಾಗ ಅಂಗೈ ಮುಂದಕ್ಕೆ, ಹೆಬ್ಬೆರಳು ಹೊರಕ್ಕೆ. ಹೆಬ್ಬೆರಳು ಮೈಕಡೆ ಬರಬೇಕಾದರೆ ಒಂದು ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯಬೇಕು, ಆಗ ಅಂಗೈ ಹಿಂದಕ್ಕೆ ತಿರುಗುತ್ತದೆ. "ಇಲ್ಲಿ ಮೂಳೆ ಅಡ್ಡ ಹಾದಿಲ್ಲ, ಹೆಬ್ಬೆರಳು ಮಾತ್ರ ಒಳಗಿದೆ. ಇಂಥ ಕೈ ಯಾರಿಗೂ ಇಲ್ಲ." ಅಂಗೈ ಮಗುಚುವುದು ಮಣಿಕಟ್ಟಿನಿಂದಲ್ಲ, ಮುಂದೋಳಿನಿಂದ ಎಂಬುದು ಅವತ್ತು ತರಗತಿಯ ತಲೆಗೆ ಹೋಯಿತು. ಪಠ್ಯದಲ್ಲಿ ಉಳಿದದ್ದೇನಿತ್ತೋ, ಯಾರಿಗೂ ನೆನಪಿಲ್ಲ. ಆದರೆ ಆ ತರಗತಿಯಿಂದ ಬಂದವರು ಮಾಡೆಲ್ ಇಲ್ಲದೆಯೂ ನಿಂತ ಆಕೃತಿಯನ್ನು ಗಟ್ಟಿಯಾಗಿ ಬರೆಯಬಲ್ಲರು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ರದರ್ಶನ ಜೋಡಿಸಿದ್ದರಲ್ಲೂ ಅವರ ಪಾಠವಿದೆ. ಉಳಿದ ಚಿತ್ರಗಳ ನಡುಮಟ್ಟ ನೆಲದಿಂದ ಸುಮಾರು 150 ಸೆಂ.ಮೀ.; ಆಳೆತ್ತರದ ಕ್ಯಾನ್ವಾಸುಗಳನ್ನು ಮಾತ್ರ ನೆಲಕ್ಕೆ ಹತ್ತಿರ ಇಳಿಸಿದ್ದಾರೆ, ಚಿತ್ರದವನೂ ನೋಡುವವನೂ ಒಂದೇ ನೆಲದ ಮೇಲೆ ನಿಲ್ಲಲಿ ಎಂದು. ಇದ್ದಿಲಿನ ಚಿತ್ರಗಳಿಗೆ ಅಕ್ರಿಲಿಕ್ ಹಾಳೆ ಹಾಕದೆ ಗಾಜು ಹಾಕಿದ್ದು ಸರಿಯಾದ ನಿರ್ಧಾರ. ಒರೆಸಿದಾಗ ಅಕ್ರಿಲಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಇದ್ದಿಲ ಪುಡಿಯನ್ನು ಎಳೆದುಕೊಳ್ಳುತ್ತದೆ. ಗಾಜೂ ಹಾಳೆಗೆ ತಾಗಬಾರದು, ನಡುವೆ ಮೌಂಟ್ (ದಪ್ಪ ರಟ್ಟಿನ ಚೌಕಟ್ಟು) ಬೇಕು. ಕಾಗದದ ಕೃತಿಗಳಿಗೆ ಬೆಳಕು 50 ಲಕ್ಸ್ ಸಾಕು.

ಈಗಿನ ತರಗತಿಗಳಲ್ಲಿ ಫೋನಿನ ಫೋಟೊ ಇಟ್ಟು ಚೌಕ ಹಾಕಿ ಬರೆಯುವುದು ಹೆಚ್ಚಾಗಿದೆ. ಹತ್ತಿರದಿಂದ ತೆಗೆದ ಫೋಟೊದಲ್ಲಿ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ, ನೆರಳುಗಳೆಲ್ಲ ಒಂದೇ ಕಪ್ಪಾಗುತ್ತವೆ. ಫೋಟೊ ತಪ್ಪೆಂದಲ್ಲ, ಚಿತ್ರಕಲಾವಿದೆ ಮಾರ್ಲೀನ್ ಡ್ಯೂಮಾಸ್ ಫೋಟೊಗಳಿಂದಲೇ ಚಿತ್ರಿಸುವವರು. ಆದರೆ ಅದರಲ್ಲಿ ಯಾವುದನ್ನು ಬಿಡಬೇಕೆಂದು ಗೊತ್ತಾಗಲು ಎದುರಿಗೆ ನಿಂತ ಮನುಷ್ಯನನ್ನು ಮೊದಲು ನೋಡಿ ಪಳಗಿರಬೇಕು. ವಾರಕ್ಕೊಮ್ಮೆಯಾದರೂ ಮೂರು ಗಂಟೆಯ ಒಂದೇ ಭಂಗಿಯ ತರಗತಿಯನ್ನು ಕಾಲೇಜು ಮತ್ತೆ ಶುರು ಮಾಡಲಿ. ಮಾಡೆಲ್‌ನ ಸಂಭಾವನೆಗೆ ಹಳೆಯ ವಿದ್ಯಾರ್ಥಿಗಳು ಕೈಜೋಡಿಸುತ್ತೇವೆ.