ಹಳೆಯ ಪುಸ್ತಕ, ಹೊಸ ಅಧ್ಯಕ್ಷರು

ನನ್ನ ಅಕ್ಕನ ಮಗ ಅಮೆರಿಕದ ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್ಲಿನಲ್ಲಿ ನೆಲೆಸಿ ಹಲವು ವರ್ಷಗಳಾದವು. ಅಲ್ಲಿಗೆ ಹತ್ತಿರದ ಓಕ್ ರಿಡ್ಜ್ ಎಂಬ ಊರಿನಲ್ಲಿ ಪರಮಾಣು ತ್ಯಾಜ್ಯ ತೆರವುಗೊಳಿಸುವ ಕೆಲಸದ ಬಗ್ಗೆ ಸಲಹೆ ನೀಡುವ ನಾಗರಿಕರ ಮಂಡಳಿಯೊಂದಿದೆ. ಅದಕ್ಕೆ ಹೊಸ ಅಧ್ಯಕ್ಷರು ಬಂದಿದ್ದಾರೆಂದು ಕಳೆದ ವಾರ ಫೋನಿನಲ್ಲಿ ತಿಳಿಸಿದ. “ಮಾವ, ಅವರಿಗೆ ಸಂಬಳವೂ ಇಲ್ಲ, ಆಜ್ಞೆ ಮಾಡುವ ಅಧಿಕಾರವೂ ಇಲ್ಲ. ಆದರೂ ಸಭೆಗೆ ತಪ್ಪದೆ ಬರುತ್ತಾರೆ” ಎಂದ. ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ.

ಓಕ್ ರಿಡ್ಜ್ ಎಂಬ ಊರು 1942ಕ್ಕೆ ಮೊದಲು ಇರಲಿಲ್ಲ. ಅಣುಬಾಂಬಿನ ಯೋಜನೆಗಾಗಿ ಸರ್ಕಾರ ಆ ಕಣಿವೆಗಳನ್ನು ವಶಪಡಿಸಿಕೊಂಡಾಗ ಸುಮಾರು 3,000 ಮಂದಿ ಕೆಲವೇ ವಾರಗಳಲ್ಲಿ ಮನೆ, ಹೊಲಗಳನ್ನು ಬಿಟ್ಟು ಹೊರಡಬೇಕಾಯಿತು. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂ ಸಿದ್ಧವಾದದ್ದು ಅಲ್ಲಿಯೇ. ಯುದ್ಧ ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ. 1950ರ ದಶಕದಲ್ಲಿ ಜಲಜನಕ ಬಾಂಬಿಗೆ ಬೇಕಾದ ಲಿಥಿಯಂ ಬೇರ್ಪಡಿಸಲು ಅಪಾರ ಪ್ರಮಾಣದ ಪಾದರಸವನ್ನು ಬಳಸಿದರು. ಅದರಲ್ಲಿ ಬಹಳಷ್ಟು ನೆಲಕ್ಕೂ ಊರಿನ ನಡುವೆ ಹರಿಯುವ ತೊರೆಗೂ ಸೇರಿತು. ಆ ತೊರೆಯ ದಡದಲ್ಲಿ ಬದುಕುತ್ತಿದ್ದವರಿಗೆ ಈ ಸಂಗತಿ ಅಧಿಕೃತವಾಗಿ ತಿಳಿದದ್ದು 1983ರಲ್ಲಿ. ಮಕ್ಕಳು ಆಡಿದ ನೀರಿನಲ್ಲಿ ಏನಿತ್ತೆಂಬುದನ್ನು ಅಷ್ಟು ವರ್ಷ ಮುಚ್ಚಿಟ್ಟದ್ದು ಸಣ್ಣ ಅಪರಾಧವೆಂದು ನನಗೆ ಅನ್ನಿಸುವುದಿಲ್ಲ.

1989ರಲ್ಲಿ ಆ ಪ್ರದೇಶ ದೇಶದ ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿತು. 1995ರಲ್ಲಿ ಮಂಡಳಿ ಹುಟ್ಟಿಕೊಂಡಿತು. ಅದರ ಸದಸ್ಯರನ್ನು ನೇಮಿಸುವುದು ಅಮೆರಿಕದ ಇಂಧನ ಇಲಾಖೆ, ಅಂದರೆ ತೆರವಿನ ಹೊಣೆ ಹೊತ್ತ ಇಲಾಖೆಯೇ. ಇದು ವ್ಯವಸ್ಥೆಯ ದೌರ್ಬಲ್ಯವೆಂದೇ ನನ್ನ ಭಾವನೆ. ಆದರೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿಗಳನ್ನು ಸದಸ್ಯರು ತಮ್ಮೊಳಗಿನಿಂದಲೇ ಆರಿಸಿಕೊಳ್ಳುತ್ತಾರೆ. ಅವರೊಂದಿಗೆ ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮತವಿಲ್ಲದ ಪ್ರತಿನಿಧಿಗಳಾಗಿ ಕೂರುತ್ತಾರೆ ಎಂಬುದು ನನಗೆ ಬಹಳ ಹಿಡಿಸಿತು.

ಆಜ್ಞೆ ಮಾಡಲಾಗದ ಅಧ್ಯಕ್ಷರು ಮಾಡುವುದಾದರೂ ಏನು? ಮಂಡಳಿಯ ಶಿಫಾರಸುಗಳು ಅವರ ಮೂಲಕ ಇಲಾಖೆಗೆ ಹೋಗುತ್ತವೆ, ಇಂಥದೇ ಬೇರೆ ಮಂಡಳಿಗಳ ಅಧ್ಯಕ್ಷರೊಡನೆ ಕುಳಿತು ಅವರು ಚರ್ಚಿಸುತ್ತಾರೆ. ಇವೆಲ್ಲಕ್ಕಿಂತ ದೊಡ್ಡದಾಗಿ ನನಗೆ ಕಾಣುವ ಕೆಲಸವೆಂದರೆ, ಹಿಂದಿನವರು ಏನು ಕೇಳಿದ್ದರು, ಅದಕ್ಕೆ ಯಾವ ಉತ್ತರ ಬಂದಿತ್ತು, ಯಾವುದಕ್ಕೆ ಉತ್ತರವೇ ಬರಲಿಲ್ಲ ಎಂಬುದನ್ನು ಹೊತ್ತು ನಡೆಯುವುದು. ಅಂಥ ತ್ಯಾಜ್ಯದಲ್ಲಿರುವ ಸೀಸಿಯಂ-137 ಎಂಬ ವಿಕಿರಣ ವಸ್ತು ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಪ್ಲುಟೋನಿಯಂ-239ಕ್ಕೆ ಸುಮಾರು 24,000 ವರ್ಷ. ಅಧಿಕಾರಿಗಳು ವರ್ಗವಾಗುತ್ತಾರೆ, ಗುತ್ತಿಗೆದಾರರು ಬದಲಾಗುತ್ತಾರೆ, ಸರ್ಕಾರಗಳು ಬಂದು ಹೋಗುತ್ತವೆ. ಆ ನೆಲದಲ್ಲಿ ಉಳಿಯುವವರು ಊರಿನವರು ಮಾತ್ರ. ಎಷ್ಟು ತೊಳೆದರೂ ಸ್ವಲ್ಪ ನೆಲದಲ್ಲಿ ವಿಷ ಉಳಿದೇ ಉಳಿಯುತ್ತದೆ, ಆದ್ದರಿಂದ ಅದನ್ನು ತಲೆಮಾರುಗಳವರೆಗೆ ಕಾಯುವವರು ಯಾರು, ದಾಖಲೆ ಇಡುವವರು ಯಾರು ಎಂಬುದನ್ನು ಈಗಲೇ ಗೊತ್ತುಮಾಡಬೇಕೆಂದು ಓಕ್ ರಿಡ್ಜಿನ ನಾಗರಿಕರು 1998ರಲ್ಲಿಯೇ ವರದಿ ಬರೆದು ಕೊಟ್ಟಿದ್ದರು.

ಕೊಡಗಿನವರಿಗೆ ಈ ಮಾತು ಬೇಗ ಅರ್ಥವಾಗಬೇಕು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಮಳೆಪುಸ್ತಕವಿದೆ. ತೋಟದ ರೈಟರ್ ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟುಗಳ ಲೆಕ್ಕದಲ್ಲಿ ಬರೆಯುತ್ತಿದ್ದರು. ಅವರ ನಂತರ ಅಪ್ಪ, ಈಗ ನಾನು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಯಾವ ವರ್ಷ ಫೆಬ್ರುವರಿಯಲ್ಲಿ ಬಂತು, ಯಾವ ವರ್ಷ ಏಪ್ರಿಲ್‌ವರೆಗೆ ಕಾಯಿಸಿತು ಎಂಬುದೆಲ್ಲ ಅದರಲ್ಲಿದೆ. ಓಕ್ ರಿಡ್ಜಿನಲ್ಲಿಯೂ ವರ್ಷಕ್ಕೆ 50 ಇಂಚಿನಷ್ಟು ಮಳೆ ಬೀಳುತ್ತದೆ. ಕೆಡವಿದ ಕಟ್ಟಡಗಳ ಅವಶೇಷವನ್ನು ಅಲ್ಲಿಯೇ ಒಂದು ಕಣಿವೆಯಲ್ಲಿ ಹೂಳುತ್ತಿದ್ದಾರೆ, ಎರಡನೆಯ ಹೂಳುತಾಣಕ್ಕೂ ಒಪ್ಪಿಗೆಯಾಗಿದೆ. ಅಂತರ್ಜಲ ಎಲ್ಲಿಯವರೆಗೆ ಏರುತ್ತದೆ, ಹೂತದ್ದು ಎತ್ತ ಇಳಿಯುತ್ತದೆ ಎಂಬ ಪ್ರಶ್ನೆಗಳನ್ನು ಹೊಸ ಅಧ್ಯಕ್ಷರು ಸಭೆಯಿಂದ ಸಭೆಗೆ ಕೇಳುತ್ತಲೇ ಇರಲಿ ಎಂದು ಹಾರೈಸುತ್ತೇನೆ. ಮಣ್ಣಿನೊಳಗೆ ನೀರು ಏನು ಮಾಡಬಲ್ಲದೆಂಬುದನ್ನು ನಾವು 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕಣ್ಣಾರೆ ಕಂಡಿದ್ದೇವೆ.

ಆ ಭೂಕುಸಿತದ ನಂತರ ನಮ್ಮ ಗ್ರಾಮದಲ್ಲಿ ಕೆಲವರು ಸೇರಿ ಒಂದು ಸಮಿತಿ ಮಾಡಿಕೊಂಡೆವು. ಬರವಣಿಗೆ ನನ್ನ ಪಾಲಿಗೆ ಬಂತು. ಯಾರ ತೋಟದಲ್ಲಿ ಬಿರುಕು ಬಿಟ್ಟಿದೆ, ಯಾವ ಒರತೆಯ ನೀರು ಕದಡಿದೆ, ಯಾವ ತೋಡು ದಾರಿ ಬದಲಿಸಿದೆ ಎಂದು ಮನೆಮನೆಗೆ ಹೋಗಿ ಕೇಳಿ ದಪ್ಪನೆಯ ಪುಸ್ತಕವೊಂದನ್ನು ತುಂಬಿಸಿದೆ. ಎರಡು ವರ್ಷಗಳ ನಂತರ ಹೊಸ ಸಮಿತಿ ಬಂತು. ಪುಸ್ತಕವನ್ನು ಕಚೇರಿಯೊಂದಕ್ಕೆ ಒಪ್ಪಿಸಿದೆ, ಅದು ಅಲ್ಲಿ ಕಳೆದುಹೋಯಿತು. ಹೊಸಬರು ಒಳ್ಳೆಯವರೇ, ಶ್ರದ್ಧೆಯುಳ್ಳವರೇ. ಆದರೆ ಅವೇ ಮನೆಗಳಿಗೆ ಹೋಗಿ ಅವೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳಬೇಕಾಯಿತು. ಕೆಲವು ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಹೇಳಿದ್ದು ಮತ್ತೆ ಸಿಗಲಿಲ್ಲ. ನಕಲು ಮಾಡಿಟ್ಟುಕೊಳ್ಳದಿದ್ದ ನನ್ನ ತಪ್ಪಿಗೆ ಇಂದಿಗೂ ಸಂಕಟಪಡುತ್ತೇನೆ.

ನಮ್ಮ ರಾಜ್ಯದಲ್ಲಿಯೂ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಅಲ್ಲಿನ 5 ಮತ್ತು 6ನೆಯ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. 2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯವನ್ನು ಕೋಲಾರದ ಚಿನ್ನದ ಗಣಿಗೆ ತರುವ ಮಾತು ಕೇಳಿಬಂದಾಗ ಕೆಜಿಎಫ್ ಜನ ಬೀದಿಗಿಳಿದರು, ಅಂಥ ಯೋಚನೆ ಇಲ್ಲವೆಂದು ಸರ್ಕಾರ ಹೇಳಿದ ಮೇಲೆ ಮನೆಗೆ ಮರಳಿದರು. ಅಹವಾಲು ಸಭೆ ಒಂದು ದಿನದ್ದು, ಬೀದಿ ಹೋರಾಟ ಕೆಲವು ವಾರಗಳದ್ದು. ವರ್ಷಕ್ಕೆ ಹಲವು ಸಲ ಸೇರಿ, ನಡಾವಳಿ ಬರೆದು, ಅದನ್ನು ಮುಂದಿನ ಅಧ್ಯಕ್ಷರ ಕೈಗೆ ಕೊಡುವಂಥ ನಾಗರಿಕ ಮಂಡಳಿ ಕೈಗಾದ ಸುತ್ತಲಿನವರಿಗೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಅಧ್ಯಕ್ಷರು ಹೊಸಬರಿಗೆ ಏನೇನು ಒಪ್ಪಿಸಿದರು, ಎಷ್ಟು ವರ್ಷದ ನಡಾವಳಿ ಅವರ ಬಳಿ ಇದೆ ಎಂದು ಮುಂದಿನ ಸಭೆಗೆ ಹೋಗಿ ಕೇಳಿ ಬರಲು ಅಕ್ಕನ ಮಗನಿಗೆ ಹೇಳಿದ್ದೇನೆ. ನಾನು ಈ ವಾರದಿಂದ ಮಳೆಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ, ಕಳೆದುಹೋದ ಪುಸ್ತಕದಲ್ಲಿದ್ದ ಒರತೆಗಳ ಹೆಸರನ್ನು ನೆನಪಿದ್ದಷ್ಟು ಬರೆಯತೊಡಗಿದ್ದೇನೆ. ಇದುವರೆಗೆ ಹದಿನಾಲ್ಕು ಆಗಿವೆ.