ಗೆಳೆಯರ ಕೂಟ 360 ಡಿಗ್ರಿಯಲ್ಲಿ: ಹೊಲಿಗೆ ಎಲ್ಲಿ ಬೀಳಬೇಕು?

ಸುತ್ತ ಕೂತ ಗೆಳೆಯರನ್ನು 360 ಡಿಗ್ರಿ ಚಿತ್ರದಲ್ಲಿ ಹಿಡಿಯಲು ಹೊರಟವರಿಗೆಲ್ಲ ಒಂದೇ ಬಗೆಯ ತೊಂದರೆ ಎದುರಾಗುತ್ತದೆ. ಬೆಟ್ಟ, ಕಣಿವೆ, ಕಡಲತೀರ ಎಲ್ಲ ಚೆನ್ನಾಗಿ ಬರುತ್ತವೆ. ಹತ್ತಿರ ಕೂತವರ ಮುಖ ಮಾತ್ರ ಸೀಳಿದಂತೆ ಕಾಣುತ್ತದೆ, ಒಬ್ಬರಿಗೆ ಮೂರು ಕೈ, ಇನ್ನೊಬ್ಬರಿಗೆ ಭುಜವೇ ಇಲ್ಲ. ತಪ್ಪನ್ನು ಸಾಫ್ಟ್‌ವೇರಿನ ಮೇಲೆ ಹಾಕುವುದು ಸುಲಭ, ಆದರೆ ಅದರ ಪಾಲು ಕಡಿಮೆ. ಇಂಥ ಚಿತ್ರ ಹಲವು ಫೋಟೊಗಳನ್ನು, ಅಂದರೆ ಫ್ರೇಮುಗಳನ್ನು, ಹೊಲಿದು ಆಗುವಂಥದ್ದು. ಎರಡು ಫ್ರೇಮು ಕೂಡುವ ಹೊಲಿಗೆ ಎಲ್ಲಿ ಬೀಳಬೇಕು ಎಂಬುದನ್ನು ಶಟರ್ ಒತ್ತುವ ಮೊದಲೇ ತೀರ್ಮಾನಿಸಿರಬೇಕು. ಕೂಟದ ಪನೋರಮಾದಲ್ಲಿ ಮುಖ್ಯ ಕೆಲಸ ಅದೇ.

ಮುಖ ಸೀಳುವುದಕ್ಕೆ ಕಾರಣ ಪ್ಯಾರಲಾಕ್ಸ್. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ: ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿಂದಿತ್ತ ಜಿಗಿಯುತ್ತದೆ. ಒಂದು ಫೋಟೊಕ್ಕೂ ಮುಂದಿನದಕ್ಕೂ ನಡುವೆ ಲೆನ್ಸ್ ಜಾಗ ಬಿಟ್ಟು ಕದಲಿದರೆ ಆಗುವುದೂ ಇದೇ. ಲೆನ್ಸ್ 5 ಸೆಂಟಿಮೀಟರ್ ಸರಿದಿದೆ ಎಂದುಕೊಳ್ಳಿ. 1 ಮೀಟರ್ ದೂರದ ಮುಖ ಸುಮಾರು 2.9 ಡಿಗ್ರಿ ಪಕ್ಕಕ್ಕೆ ಹೋಗುತ್ತದೆ, 10 ಮೀಟರ್ ದೂರದ ಮರ 0.3 ಡಿಗ್ರಿಯಷ್ಟೇ. 12,000 ಪಿಕ್ಸೆಲ್ ಅಗಲದ ಪನೋರಮಾದಲ್ಲಿ ಒಂದು ಡಿಗ್ರಿಗೆ 33 ಪಿಕ್ಸೆಲ್ ಬರುವುದರಿಂದ ಮುಖಕ್ಕೂ ಮರಕ್ಕೂ ನಡುವೆ 85 ಪಿಕ್ಸೆಲ್ ವ್ಯತ್ಯಾಸ ಬಿತ್ತು. ಇಷ್ಟನ್ನು ಯಾವ ಸಾಫ್ಟ್‌ವೇರೂ ಅಳಿಸಲಾರದು. ಅದೇ ಲೆನ್ಸ್ ಅರ್ಧ ಸೆಂಟಿಮೀಟರ್ ಮಾತ್ರ ಸರಿದು, ಮುಖ 2 ಮೀಟರ್ ದೂರದಲ್ಲಿದ್ದರೆ ವ್ಯತ್ಯಾಸ ನಾಲ್ಕು ಪಿಕ್ಸೆಲ್. ಅದು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ನಮ್ಮ ಕೈಯಲ್ಲಿರುವುದು ಎರಡೇ: ಲೆನ್ಸ್ ಕದಲದಂತೆ ತಿರುಗಿಸುವುದು, ಜನರನ್ನು ಸ್ವಲ್ಪ ದೂರ ಕೂರಿಸುವುದು.

ಫೋನಿನ ಸಾಮಾನ್ಯ ಪನೋರಮಾ ಮೋಡ್ ಈ ಕೆಲಸಕ್ಕೆ ಆಗದು. ಅದು ಸಣ್ಣ ಸಣ್ಣ ಪಟ್ಟಿಗಳನ್ನು ಸಾಲಾಗಿ ಅಂಟಿಸುತ್ತ ಹೋಗುತ್ತದೆ, ಅಷ್ಟರಲ್ಲಿ ಯಾರಾದರೂ ತಲೆ ತಿರುಗಿಸಿದರೆ ಮುಖ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಮೇಲಿನ ಆಕಾಶ, ಕೆಳಗಿನ ನೆಲವೂ ಸಿಗುವುದಿಲ್ಲ. ಉಳಿದ ದಾರಿ ಎರಡು. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಲೆನ್ಸ್‌ಗಳ 360 ಕ್ಯಾಮೆರಾ ಒಂದು, ಸಾಮಾನ್ಯ ಕ್ಯಾಮೆರಾಕ್ಕೆ ಫಿಶ್‌ಐ ಲೆನ್ಸ್ (ತೀರಾ ಅಗಲಕ್ಕೆ ನೋಡುವ ಲೆನ್ಸ್) ಹಾಕಿ ಟ್ರೈಪಾಡಿನ ಮೇಲೆ ಸುತ್ತಿಸುವುದು ಇನ್ನೊಂದು.

ಎರಡು ಲೆನ್ಸ್‌ನ ಕ್ಯಾಮೆರಾದ ದೊಡ್ಡ ಗುಣ, ಇಡೀ ಸುತ್ತು ಒಂದೇ ಕ್ಷಣದಲ್ಲಿ ದಾಖಲಾಗುತ್ತದೆ. ದೋಣಿಯಲ್ಲಿ, ಓಡುವ ಬಂಡಿಯಲ್ಲಿ, ಕುಣಿಯುವವರ ನಡುವೆ ಬೇರೆ ಯಾವುದೂ ನಡೆಯುವುದಿಲ್ಲ. ಕೊರತೆ ಇರುವುದು ವಿವರದಲ್ಲಿ. ರಿಕೋ ಥೀಟಾ ಝಡ್1 ಎಂಬ ಇಂಥ ಕ್ಯಾಮೆರಾ ಕೊಡುವ ಚಿತ್ರ 6720×3360 ಪಿಕ್ಸೆಲ್, ಅಂದರೆ ಡಿಗ್ರಿಗೆ 18.7 ಪಿಕ್ಸೆಲ್. 15 ಸೆಂಟಿಮೀಟರ್ ಅಗಲದ ಮುಖಕ್ಕೆ 1 ಮೀಟರ್‌ನಲ್ಲಿ 160 ಪಿಕ್ಸೆಲ್ ಸಿಗುತ್ತದೆ, 3 ಮೀಟರ್‌ನಲ್ಲಿ 54 ಮಾತ್ರ. ಗುರುತು ಹತ್ತುತ್ತದೆ, ಕಣ್ಣಿನ ಭಾವ ಹತ್ತುವುದಿಲ್ಲ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 15 ಮಿಲಿಮೀಟರ್ ಫಿಶ್‌ಐ ಹಾಕಿದರೆ ಸುಮಾರು 15,000 ಪಿಕ್ಸೆಲ್ ಅಗಲದ ಪನೋರಮಾ ಬರುತ್ತದೆ, ಆಗ 3 ಮೀಟರ್ ದೂರದ ಮುಖಕ್ಕೂ ನೂರಿಪ್ಪತ್ತರಷ್ಟು ಪಿಕ್ಸೆಲ್. ಕೂಟದ ಮುಖ್ಯ ಚಿತ್ರಕ್ಕೆ ನಮ್ಮ ಆಯ್ಕೆ ಇದೇ. ತಿರುಗಾಟದ ನಡುವೆ ಕೈಗೆ ಬಂದಂತೆ ತೆಗೆಯುವುದಕ್ಕೆ ಎರಡು ಲೆನ್ಸ್‌ನ ಕ್ಯಾಮೆರಾ ಸಾಕು.

ಆ ಚಿಕ್ಕ ಕ್ಯಾಮೆರಾದಲ್ಲಿ ಹೊಲಿಗೆ ಅದರ ತೆಳು ಅಂಚಿನ ದಿಕ್ಕಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಬೀಳುತ್ತದೆ. ಆದ್ದರಿಂದ ಲೆನ್ಸ್ ಇರುವ ಎರಡು ಮುಖಗಳನ್ನು ಜನರ ಕಡೆಗೆ ತಿರುಗಿಸಿ, ಅಂಚುಗಳ ಎದುರಿಗೆ ಖಾಲಿ ಜಾಗ ಬರುವಂತೆ ಇಡಿ. ಅಲ್ಲಿ ಯಾರಾದರೂ ಇರಲೇಬೇಕಾದರೆ ಒಂದೂವರೆ ಮೀಟರ್‌ಗಿಂತ ಹತ್ತಿರ ಬೇಡ. ಕ್ಯಾಮೆರಾ ಸಿಕ್ಕಿಸಿದ ಕೋಲು ಎರಡು ಲೆನ್ಸ್‌ಗಳ ನಡುವಿನ ಕುರುಡು ಪಟ್ಟಿಯಲ್ಲಿ ನೆಟ್ಟಗಿದ್ದರೆ ಮಾತ್ರ ಚಿತ್ರದಿಂದ ಮಾಯವಾಗುತ್ತದೆ. ವಾಲಿಸಿ ಸಿಕ್ಕಿಸಿದರೆ, ದಪ್ಪ ಟ್ರೈಪಾಡಿನ ಮೇಲೆ ಕೂರಿಸಿದರೆ ಕಾಣುತ್ತದೆ. ತೆಳ್ಳಗಿನ ಒಂಟಿಕೋಲಿಗೆ ಸಣ್ಣ ಕಾಲುಗಳಿರುವ ಸ್ಟ್ಯಾಂಡ್ ಒಳ್ಳೆಯದು, ಆದರೆ ಗಾಳಿಗೆ ಉರುಳುತ್ತದೆ, ಉರುಳಿದರೆ ಉಬ್ಬಿದ ಲೆನ್ಸೇ ಮೊದಲು ನೆಲಕ್ಕೆ ತಾಗುತ್ತದೆ. ಬುಡಕ್ಕೆ ಭಾರ ಕಟ್ಟಿ. ಪ್ರತಿ ಸಲ ಲೆನ್ಸ್ ಒರೆಸಿ, ಏಕೆಂದರೆ ಬೆರಳ ಜಿಡ್ಡಿನ ಮೇಲೆ ಬೆಳಕು ಬಿದ್ದರೆ ಅರ್ಧ ಆಕಾಶ ಮಂಜಾಗುತ್ತದೆ.

ಸುತ್ತಿಸುವ ವಿಧಾನಕ್ಕೆ ಪನೋರಮಾ ಹೆಡ್ ಬೇಕು, ಅಂದರೆ ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ ಸುತ್ತಿಸಲು ಟ್ರೈಪಾಡಿನ ಮೇಲೆ ಕೂರಿಸುವ ಸಾಧನ. ಲೆನ್ಸಿನ ಒಳಗೆ ಬೆಳಕು ಹೊಗುವ ಕಿಂಡಿ ಎಲ್ಲಿದ್ದಂತೆ ಎದುರಿನಿಂದ ಕಾಣುತ್ತದೋ, ಆ ಬಿಂದುವಿನ ಮೇಲೆಯೇ ಕ್ಯಾಮೆರಾ ಸುತ್ತಬೇಕು. ಅದನ್ನು ಹುಡುಕುವ ಕ್ರಮ ಹೀಗೆ. ಮೊದಲು ಕ್ಯಾಮೆರಾವನ್ನು ನೆಟ್ಟಗೆ ಕೆಳಕ್ಕೆ ಬಾಗಿಸಿ, ತಿರುಗುವ ತಟ್ಟೆಯ ನಡುಬಿಂದು ಫ್ರೇಮಿನ ನಡುವೆ ಬರುವಂತೆ ಅಡ್ಡ ಪಟ್ಟಿಯನ್ನು ಸರಿಪಡಿಸಿ. ಆಮೇಲೆ ಕ್ಯಾಮೆರಾವನ್ನು ಮಟ್ಟಕ್ಕೆ ತಂದು, ಅರ್ಧ ಮೀಟರ್ ದೂರಕ್ಕೆ ಒಂದು ಕೋಲು ನಿಲ್ಲಿಸಿ, ಅದರ ಹಿಂದೆ ದೂರದ ಕಂಬವೊಂದು ಒಂದೇ ಸಾಲಿಗೆ ಬರುವ ಹಾಗೆ ನೋಡಿಕೊಳ್ಳಿ. ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದಾಗ ಹತ್ತಿರದ ಕೋಲು ಕಂಬಕ್ಕಿಂತ ಎಡಕ್ಕೆ ಸರಿದರೆ ಲೆನ್ಸ್ ಸುತ್ತುವ ಅಕ್ಷಕ್ಕಿಂತ ಮುಂದಿದೆ, ಹಿಂದಕ್ಕೆ ತಳ್ಳಿ. ಬಲಕ್ಕೆ ಸರಿದರೆ ಮುಂದಕ್ಕೆ. ಫಿಶ್‌ಐನಲ್ಲಿ ಒಂದು ಸೂಕ್ಷ್ಮವಿದೆ: ಬೆಳಕು ಬರುವ ಕೋನ ಬದಲಾದಂತೆ ಆ ಬಿಂದುವೂ ಸ್ವಲ್ಪ ಸರಿಯುತ್ತದೆ. ಹಾಗಾಗಿ ಫ್ರೇಮಿನ ಅಂಚಿನಲ್ಲಿ ಪರೀಕ್ಷಿಸದೆ, ಹೊಲಿಗೆ ಬೀಳುವ ಕೋನದಲ್ಲೇ ಪರೀಕ್ಷಿಸಿ. 60 ಡಿಗ್ರಿಗೊಂದು ಫೋಟೊ ತೆಗೆಯುವುದಾದರೆ ನಡುವಿನಿಂದ ಎಡಕ್ಕೆ 30, ಬಲಕ್ಕೆ 30 ಡಿಗ್ರಿ. ಸರಿಬಂದ ಅಳತೆಯನ್ನು ಪಟ್ಟಿಯ ಮೇಲೆ ಗುರುತು ಹಾಕಿಟ್ಟರೆ ಆ ಲೆನ್ಸಿಗೆ ಮತ್ತೆ ಹುಡುಕುವ ಕೆಲಸವಿಲ್ಲ.

ಹೆಡ್ ಹೊತ್ತು ನಡೆಯಲಾಗದ ಕಡೆ ದಾರವಿದೆ. ಲೆನ್ಸಿನ ಆ ಬಿಂದುವಿನ ನೇರಕ್ಕೆ ದಾರ ಕಟ್ಟಿ, ತುದಿಗೆ ಬೀಗದ ಕೈ ತೂಗುಬಿಟ್ಟು, ನೆಲದ ಮೇಲಿನ ಒಂದು ಗುರುತಿನ ಮೇಲೆಯೇ ಅದು ನಿಲ್ಲುವಂತೆ ನೀವು ಕ್ಯಾಮೆರಾದ ಸುತ್ತ ಹೆಜ್ಜೆ ಹಾಕಿ. ಮೂರು ಮೀಟರ್‌ಗಿಂತ ಹತ್ತಿರ ಏನೂ ಇಲ್ಲದ ಬಯಲಿಗೆ ಇಷ್ಟು ನಿಖರತೆ ಸಾಕು.

ಇನ್ನು ಜನರನ್ನು ಕೂರಿಸುವುದು. 15 ಮಿಲಿಮೀಟರ್ ಫಿಶ್‌ಐ ನಿಲುವಾಗಿ ಹಿಡಿದರೆ ಒಂದು ಫ್ರೇಮು ಸುಮಾರು 90 ಡಿಗ್ರಿ ಅಗಲ ನೋಡುತ್ತದೆ. ಆರು ಫೋಟೊಗಳಲ್ಲಿ ಸುತ್ತು ಮುಗಿಯುತ್ತದೆ, ಅಕ್ಕಪಕ್ಕದ ಫ್ರೇಮುಗಳ ನಡುವೆ 30 ಡಿಗ್ರಿಯಷ್ಟು ಓವರ್‌ಲ್ಯಾಪ್ (ಎರಡರಲ್ಲೂ ಬರುವ ಭಾಗ) ಉಳಿಯುತ್ತದೆ. ಕೂತ ಮನುಷ್ಯನ ಅಗಲ 55 ಸೆಂಟಿಮೀಟರ್ ಎಂದುಕೊಂಡರೆ, 2 ಮೀಟರ್ ದೂರದಲ್ಲಿ ಅದು 16 ಡಿಗ್ರಿ. ಓವರ್‌ಲ್ಯಾಪಿನ ಒಳಗೆ ಪೂರಾ ಹಿಡಿಸಿ, ಪಕ್ಕದಲ್ಲಿ ಹೊಲಿಗೆ ಹಾಯಲು ದಾರಿಯೂ ಉಳಿಯಿತು. 1 ಮೀಟರ್‌ನಲ್ಲಿ ಅದೇ ಮನುಷ್ಯ 31 ಡಿಗ್ರಿ ತುಂಬಿಕೊಳ್ಳುತ್ತಾನೆ, ಹೊಲಿಗೆ ಮೈಮೇಲೆಯೇ ಹಾಯಬೇಕು. ಎರಡು ಮೀಟರ್ ದೂರ ಕೂರಿಸಿ ಎನ್ನುವುದಕ್ಕೆ ಕಾರಣ ಇದು. 2 ಮೀಟರ್ ತ್ರಿಜ್ಯದ ಸುತ್ತಳತೆ ಹನ್ನೆರಡೂವರೆ ಮೀಟರ್, ಅದರಲ್ಲಿ ಹದಿನೆಂಟು ಜನ ಇಕ್ಕಟ್ಟಿಲ್ಲದೆ ಕೂರಬಹುದು.

ಆದರೂ ಎಲ್ಲರನ್ನೂ ಸಮನಾಗಿ ಹರಡಬೇಡಿ. ಮೂವರು ನಾಲ್ವರ ಗುಂಪುಗಳಾಗಿ ಕೂರಿಸಿ, ಗುಂಪಿಗೂ ಗುಂಪಿಗೂ ನಡುವೆ ಒಂದು ಮೊಳ ಬಿಡಿ, ಹೊಲಿಗೆ ಆ ಸಂದಿನಲ್ಲಿ ಇಳಿಯಲಿ. ಹೆಗಲ ಮೇಲೆ ಕೈ ಹಾಕಿಕೊಳ್ಳುವವರು ಒಂದೇ ಗುಂಪಿನಲ್ಲಿರಲಿ, ಏಕೆಂದರೆ ಸಂದು ದಾಟುವ ತೋಳು ತುಂಡಾಗುವ ಸಾಧ್ಯತೆ ಹೆಚ್ಚು. ಎಲ್ಲರೂ ಲೆನ್ಸನ್ನೇ ನೋಡಬೇಕು ಎಂಬ ಹಟ ಬೇಡವೇ ಬೇಡ. ಯಾರು ಯಾರ ಕಡೆ ತಿರುಗಿ ನಗುತ್ತಿದ್ದಾರೆ ಎಂಬುದನ್ನು ಸಾಮಾನ್ಯ ಫೋಟೊ ತೋರಿಸಲಾರದು, ಅದಕ್ಕೆ ಒಂದೇ ದಿಕ್ಕು. ಈ ಚಿತ್ರಕ್ಕೆ ಆ ಶಕ್ತಿಯಿದೆ. ಮಾತು ನಡೆಯುತ್ತಿರಲಿ, ಲೆನ್ಸ್ ತಮ್ಮ ಕಡೆ ಬಂದಾಗ ಎರಡು ಸೆಕೆಂಡು ಮೈ ಅಲುಗಿಸದಿದ್ದರೆ ಸಾಕು. ಕ್ಯಾಮೆರಾದ ಎತ್ತರ ಕೂತವರ ಕಣ್ಣಿನ ಮಟ್ಟಕ್ಕಿರಲಿ: ಕುರ್ಚಿಯಾದರೆ 1.15 ಮೀಟರ್, ಚಾಪೆಯಾದರೆ 75ರಿಂದ 80 ಸೆಂಟಿಮೀಟರ್. ನಿಂತ ಎತ್ತರದಿಂದ ತೆಗೆದರೆ ಕಣ್ಣಿಗೆ ಹಾಕುವ ವಿಆರ್ ಹೆಡ್‌ಸೆಟ್‌ನಲ್ಲಿ ನೋಡುವವರು ಎಲ್ಲರ ನೆತ್ತಿ ನೋಡುತ್ತಾರೆ, ಕೂಟದಲ್ಲಿ ಕೂತ ಅನುಭವ ಬರುವುದಿಲ್ಲ. ತೆಗೆಯುವವರಿಗೂ ಒಂದು ಜಾಗ ಖಾಲಿ ಇಡಿ. ಆ ದಿಕ್ಕಿನ ಫ್ರೇಮಿಗೆ ಹತ್ತು ಸೆಕೆಂಡಿನ ಟೈಮರ್ ಹಾಕಿ ಹೋಗಿ ಕೂತರಾಯಿತು, ಉಳಿದ ಐದಕ್ಕೆ ಕ್ಯಾಮೆರಾದ ಬೆನ್ನ ಹಿಂದೆ ನಿಲ್ಲಬಹುದು.

ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಐಎಸ್‌ಒ, ಫೋಕಸ್ ನಾಲ್ಕೂ ಮ್ಯಾನ್ಯುಯಲ್. ಮೊದಲ ಮೂರರಲ್ಲಿ ಒಂದು ಆಟೊದಲ್ಲಿ ಉಳಿದರೂ ಆಕಾಶದಲ್ಲಿ ಪಟ್ಟೆ ಮೂಡುತ್ತದೆ. ಬಿಸಿಲಿನಲ್ಲಿ ಐಎಸ್‌ಒ 100, ಎಫ್/8, 1/250ರ ಆಸುಪಾಸಿನಿಂದ ಶುರು ಮಾಡಿ, ಬೆಳಕು ಬಿದ್ದ ಮುಖಗಳಿಗೆ ಹೊಂದಿಸಿಕೊಳ್ಳಿ. ಸೂರ್ಯನ ಸುತ್ತ ಬೆಳ್ಳಗಾದರೆ ಆಗಲಿ. ರಾತ್ರಿ ದೀಪದ ಕೆಳಗೆ ಶಟರ್ ವೇಗ ವಿದ್ಯುತ್ತಿನ ಲಯಕ್ಕೆ ಹೊಂದಬೇಕು, 50 ಹರ್ಟ್ಸ್ ಇರುವಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ಇಲ್ಲದಿದ್ದರೆ ಅಗ್ಗದ ಎಲ್‌ಇಡಿ ಬಲ್ಬುಗಳ ಮಿನುಗಿನಿಂದ ಒಂದು ಫ್ರೇಮು ಮಬ್ಬು, ಇನ್ನೊಂದು ಬೆಳಕು. ಜನರಿರುವಲ್ಲಿ ಬ್ರಾಕೆಟಿಂಗ್ (ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ತೆಗೆಯುವುದು) ಬೇಡ, ಮೂರು ಎಕ್ಸ್‌ಪೋಷರ್‌ಗಳ ನಡುವೆ ಯಾರಾದರೂ ಅಲುಗುತ್ತಾರೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲಿನಲ್ಲಿ, ನೆರಳು ಎತ್ತಿಕೊಳ್ಳಬಹುದು.

ಸೂರ್ಯ ಎದುರಿಗಿರುವ ಫ್ರೇಮನ್ನು ಎರಡು ಸಲ ತೆಗೆಯಿರಿ, ಎರಡನೆಯದರಲ್ಲಿ ಹೆಬ್ಬೆರಳಿನಿಂದ ಸೂರ್ಯನನ್ನು ಮರೆಮಾಡಿ. ಲೆನ್ಸಿನೊಳಗೆ ಚೆದುರಿದ ಬಣ್ಣದ ಚುಕ್ಕೆಗಳು ಎರಡನೆಯದರಲ್ಲಿ ಇರುವುದಿಲ್ಲ, ಆ ಭಾಗವನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಅಲೆ, ಜನಸಂದಣಿ, ಓಡುವ ಮೋಡ ಇರುವ ದಿಕ್ಕಿನಲ್ಲೂ ಎರಡು ಮೂರು ಹೆಚ್ಚುವರಿ ಫ್ರೇಮು ಇರಲಿ. ಸುತ್ತಿನ ಆರು ಮುಗಿದ ಮೇಲೆ ಮೇಲಕ್ಕೊಂದು. ಕೆಳಗಿನದು ಕೊನೆಗೆ: ಟ್ರೈಪಾಡಿನ ನಡುಬಿಂದುವಿನ ಕೆಳಗೆ ಸಣ್ಣ ಕಲ್ಲಿಟ್ಟು, ಟ್ರೈಪಾಡ್ ತೆಗೆದು, ಅದೇ ಎತ್ತರದಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ಚಾಚಿ ಕಲ್ಲಿನ ನೇರಕ್ಕೆ ಹಿಡಿದು ತೆಗೆಯಿರಿ. ಹುಲ್ಲು, ಮರಳಾದರೆ ಸಣ್ಣ ತಪ್ಪು ಮುಚ್ಚಿಹೋಗುತ್ತದೆ. ಚೌಕುಳಿ ನೆಲಹಾಸಿನಲ್ಲಿ ಗೆರೆ ಮುರಿದದ್ದು ಎದ್ದು ಕಾಣುತ್ತದೆ, ಅಲ್ಲಿ ತಾಳ್ಮೆ ಬೇಕು.

ಹೊಲಿಯಲು ಹಗಿನ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಹಣ ಕೊಡುವುದಾದರೆ ಪಿಟಿಗೈ ಇದೆ. ಎರಡರ ತರ್ಕವೂ ಒಂದೇ. ರಾ ಫೈಲುಗಳನ್ನೆಲ್ಲ ಒಂದೇ ಸೆಟ್ಟಿಂಗಿನಲ್ಲಿ ಡೆವಲಪ್ ಮಾಡಿ. ಲೆನ್ಸಿನ ಡಿಸ್ಟಾರ್ಷನ್ ತಿದ್ದುವ ಆಯ್ಕೆ ಆಫ್ ಇರಬೇಕು, ಆ ಲೆಕ್ಕವನ್ನು ಹಗಿನ್ ತಾನೇ ಮಾಡುತ್ತದೆ. ಲೆನ್ಸಿನ ಬಗೆ ಫಿಶ್‌ಐ ಎಂದೂ ಫೋಕಲ್ ಲೆಂತ್ ಎಷ್ಟೆಂದೂ ಸರಿಯಾಗಿ ತುಂಬಿ. ಕಂಟ್ರೋಲ್ ಪಾಯಿಂಟ್‌ಗಳು (ಎರಡು ಫ್ರೇಮಿನಲ್ಲೂ ಒಂದೇ ಎಂದು ಗುರುತಿಸಿದ ಬಿಂದುಗಳು) ತಾವಾಗಿ ಬಂದ ಮೇಲೆ ಮನುಷ್ಯರ ಮೈ, ಎಲೆ, ಮೋಡ, ನೆರಳಿನ ಮೇಲೆ ಕೂತವನ್ನು ಅಳಿಸಿ ಹಾಕಿ. ಗೋಡೆ, ಬಂಡೆ, ಕಂಬದ ಮೇಲಿನವು ಉಳಿಯಲಿ. ಕಟ್ಟಡದ ಅಂಚಿನಂಥ ನೇರ ನಿಲುವುಗೆರೆಗಳಿಗೆ ವರ್ಟಿಕಲ್ ಪಾಯಿಂಟ್ ಕೊಟ್ಟು ಮಟ್ಟ ಮಾಡಿ, ಇಲ್ಲದಿದ್ದರೆ ದಿಗಂತ ಅಲೆಯಂತೆ ಡೊಂಕಾಗಿ ಹೆಡ್‌ಸೆಟ್ ಹಾಕಿದವರಿಗೆ ತಲೆ ಸುತ್ತುತ್ತದೆ. ಸರಾಸರಿ ತಪ್ಪು ಎರಡು ಪಿಕ್ಸೆಲ್ ಒಳಗೆ ಬಂದರೆ ಚಿತ್ರ ಗಟ್ಟಿ. ಹತ್ತರ ಮೇಲಿದ್ದರೆ ಯಾವುದೋ ತಪ್ಪು ಪಾಯಿಂಟ್ ಒಳಗೆ ಉಳಿದಿದೆ ಅಥವಾ ಲೆನ್ಸ್ ಅಕ್ಷದ ಮೇಲಿರಲಿಲ್ಲ.

ನಂತರ ಮಾಸ್ಕ್. ಓವರ್‌ಲ್ಯಾಪಿನಲ್ಲಿರುವ ಪ್ರತಿಯೊಬ್ಬರೂ ಎರಡು ಫ್ರೇಮಿನಲ್ಲಿದ್ದಾರೆ. ಕಣ್ಣು ತೆರೆದಿರುವ, ನಗು ಚೆನ್ನಾಗಿರುವ ಫ್ರೇಮು ಆರಿಸಿ, ಅವರ ಸುತ್ತ ಇನ್‌ಕ್ಲೂಡ್ ಮಾಸ್ಕ್ ಬಿಡಿಸಿ, ಅಂದರೆ ಆ ಭಾಗ ಅದೇ ಫ್ರೇಮಿನಿಂದ ಬರಲಿ ಎಂದು ಗುರುತು ಹಾಕಿ. ಹೊಲಿಗೆ ಅವರನ್ನು ಬಳಸಿಕೊಂಡು ಹೋಗುತ್ತದೆ. ಗುಂಪುಗಳ ನಡುವೆ ಸಂದು ಬಿಟ್ಟಿದ್ದರ ಫಲ ಸಿಗುವುದು ಇಲ್ಲಿ. ಔಟ್‌ಪುಟ್ ಇಕ್ವಿರೆಕ್ಟ್ಯಾಂಗ್ಯುಲರ್ (ಇಡೀ ಗೋಳವನ್ನು ಒಂದು ಆಯತವಾಗಿ ಬಿಡಿಸಿಟ್ಟ ರೂಪ), 360×180 ಡಿಗ್ರಿ, ಅಗಲ ಎತ್ತರದ ಸರಿಯಾಗಿ ಎರಡರಷ್ಟು.

ಹಂಚುವಾಗ ಮೂಲ ಗಾತ್ರ ಕಳಿಸಬೇಡಿ. 8192×4096ರ ಜೆಪೆಗ್ ಹೆಚ್ಚಿನ ಫೋನುಗಳಲ್ಲಿ ತೆರೆಯುತ್ತದೆ, ಹಳೆಯವುಗಳಿಗೆ 4096×2048. ಪೂರ್ತಿ ವಿವರ ಬೇಕೆಂದರೆ ಪನೆಲಮ್ ಎಂಬ ಉಚಿತ ವೀಕ್ಷಕ ಚಿತ್ರವನ್ನು ತುಂಡುಗಳಾಗಿ ಮಾಡಿ, ಕಣ್ಣು ಹೋದ ಕಡೆಯದನ್ನಷ್ಟೇ ತರಿಸಿಕೊಳ್ಳುತ್ತದೆ. ಫೈಲಿನ ಮೆಟಾಡೇಟಾದಲ್ಲಿ ಪ್ರೊಜೆಕ್ಷನ್ ಇಕ್ವಿರೆಕ್ಟ್ಯಾಂಗ್ಯುಲರ್ ಎಂದು ಬರೆದಿರದಿದ್ದರೆ ಹಲವು ಆ್ಯಪ್‌ಗಳು ಅದನ್ನು ಉದ್ದನೆಯ ಚಪ್ಪಟೆ ಫೋಟೊ ಎಂದೇ ತೋರಿಸುತ್ತವೆ. ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರಿನಲ್ಲಿ ಒಂದು ಸಾಲಿನ ಆದೇಶದಿಂದ ಅದನ್ನು ಬರೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಈ ಮಾಹಿತಿ ಅಳಿದು ಗಾತ್ರವೂ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಆದರೆ ಡಾಕ್ಯುಮೆಂಟ್‌ನಲ್ಲಿ ಜಿಪಿಎಸ್ ಗುರುತೂ ಹಾಗೆಯೇ ಹೋಗುತ್ತದೆ. ಯಾರದಾದರೂ ಮನೆಯಲ್ಲಿ ತೆಗೆದ ಚಿತ್ರವಾದರೆ ಮೊದಲು ಅದನ್ನು ಅಳಿಸಿ. ಗೋಡೆಯ ಮೇಲಿನ ಕಾಗದ, ತೆರೆದಿಟ್ಟ ಕಂಪ್ಯೂಟರ್ ಪರದೆ, ಹಿಂದೆ ಮಲಗಿದ ಮಗು ಎಲ್ಲವೂ ಈ ಚಿತ್ರದಲ್ಲಿರುತ್ತವೆ. ಒಮ್ಮೆ ಪೂರ್ತಿ ಸುತ್ತು ಹಿಗ್ಗಿಸಿ ನೋಡಿ, ಚಿತ್ರದಲ್ಲಿರುವವರನ್ನು ಕೇಳಿ, ಆಮೇಲೆ ಹಂಚಿ.